ಪ್ಲೇಗಿನ ಲಸಿಕೆ ಕಂಡುಹಿಡಿದ ಹಾಫ್ಕಿನ್ ಮಹಾಶಯರು

ಮುಂಬಯಿಯಲ್ಲಿ ಕೆಲಸಮಾಡಿ ಬಂದಿರುವ ನಮ್ಮ ಹೋಟೆಲು ಬಂಧುಗಳಿಗೆ ಹಾಫ್ಕಿನ್ ಎಂಬ ಹೆಸರು ಹೊಸದಲ್ಲ. ಪರೇಲಿನಲ್ಲಿ ಕೆ.ಇ.ಎಂ. ಆಸ್ಪತ್ರೆಗೋ ಟಾಟಾ ಆಸ್ಪತ್ರೆಗೋ ಊರಿನ ರೋಗಿಗಳನ್ನು ಕರೆದುಕೊಂಡು ಓಡಾಡಿದವರು ಆ ಹೆಸರಿನ ಸಂಸ್ಥೆಯ ಹೆಬ್ಬಾಗಿಲನ್ನು ಕಂಡೇ ಇರುತ್ತಾರೆ. ಆದರೆ ಅದು ಒಂದು ಊರಿನ ಹೆಸರೋ, ಹಿಂದಿನ ಕಾಲದ ಯಾವನಾದರೊಬ್ಬ ಗವರ್ನರನ ಹೆಸರೋ ಎಂದು ವಿಚಾರಿಸುವಷ್ಟು ಬಿಡುವು ನಮ್ಮ ವೃತ್ತಿಯವರಿಗೆ ಎಲ್ಲಿಯದು? ನಾವೂ ಹುಡುಗತನದಲ್ಲಿ ಪರೇಲಿನ ಹೋಟೆಲೊಂದರಲ್ಲಿ ಮಾಣಿಯಾಗಿದ್ದು ಆ ಬೀದಿಯಲ್ಲಿ ನಿತ್ಯವೂ ಚಹದ ಕೆಟಲು ಹಿಡಿದು ನಡೆದವರೇ. ಆ ಹೆಸರಿನ ಮನುಷ್ಯನು ಯಾರೆಂಬುದನ್ನು ತಿಳಿದುಕೊಂಡದ್ದು ಮಾತ್ರ ಅದಾಗಿ ಇಪ್ಪತ್ತು ವರ್ಷಗಳ ಮೇಲೆ, ಈ ಹೈದರಾಬಾದಿನ ಮಾದಾಪುರಕ್ಕೆ ಬಂದು ನೆಲೆಸಿದ ತರುವಾಯ.

ಅವರ ಚರಿತ್ರೆಯನ್ನು ಈಗ ಬರೆಯುವುದಕ್ಕೆ ಕಾರಣವುಂಟು. ಮಳೆ ಹಿಡಿಯಿತೆಂದರೆ ಮಾದಾಪುರದ ಅಯ್ಯಪ್ಪ ಸೊಸೈಟಿಯ ಕೋಣೆಗಳಲ್ಲಿ, ಒಂದೊಂದರಲ್ಲಿ ಆರೆಂಟು ಮಂದಿ ಮಲಗುವ ನಮ್ಮ ಹುಡುಗರಲ್ಲಿ, ಕೆಮ್ಮು ಜ್ವರ ಒಬ್ಬರಿಂದೊಬ್ಬರಿಗೆ ಹಬ್ಬುವುದು ಪ್ರತಿ ವರ್ಷದ ಕಥೆ. ಕೊರೋನಾದ ವರ್ಷಗಳಿಂದೀಚೆಗೆ ಫ್ಲೂ ಜ್ವರಕ್ಕೆ ವರ್ಷಕ್ಕೊಮ್ಮೆ ಚುಚ್ಚುಮದ್ದು ಹಾಕಿಸಿಕೊಳ್ಳಿರೆಂದು ವೈದ್ಯರು ವಯಸ್ಸಾದವರಿಗೂ ಸಕ್ಕರೆ ಕಾಯಿಲೆಯವರಿಗೂ ಹೇಳುತ್ತಿದ್ದಾರೆ. ಆಗ ನಮ್ಮ ಕಚೇರಿಗೆ ಬರುವ ಪತ್ರಗಳಲ್ಲಿ ಒಂದೇ ಪ್ರಶ್ನೆ. ಕೊರೋನಾಕ್ಕೆ ಎರಡೆರಡು ಸಲ ಚುಚ್ಚಿಸಿಕೊಂಡವನಿಗೂ ಕೊರೋನಾ ಬಂತು, ಫ್ಲೂವಿಗೆ ಚುಚ್ಚಿಸಿಕೊಂಡವನಿಗೂ ನೆಗಡಿ ಬಂತು. ಹಾಗಾದರೆ ಮದ್ದಿನ ಫಲವೇನು? ಈ ಪ್ರಶ್ನೆ ನೂರಿಪ್ಪತ್ತು ವರ್ಷಗಳಿಗೂ ಹಳೆಯದು. ಮುಂಬಯಿಯಲ್ಲಿಯೂ ನಮ್ಮ ಹುಬ್ಬಳ್ಳಿಯಲ್ಲಿಯೂ ಇದನ್ನು ಜನ ಕೇಳಿದ್ದುಂಟು. ಅದಕ್ಕೆ ಲೆಕ್ಕ ಹಾಕಿ ಉತ್ತರ ಕೊಡಲು ಹೊರಟ ಮೊದಲಿಗರಲ್ಲಿ ಹಾಫ್ಕಿನ್ನರು ಒಬ್ಬರು. ಆ ಲೆಕ್ಕವೇ ಅವರನ್ನು ಮೇಲಕ್ಕೆತ್ತಿತು. ಆದರೆ ಒಂದೇ ಒಂದು ಸೀಸೆ ಅವರನ್ನು ಕೆಳಕ್ಕೆ ತಳ್ಳಿತು.

ವಾಲ್ಡೆಮಾರ್ ಹಾಫ್ಕಿನ್ನರು 1860ನೆಯ ಇಸವಿ ಮಾರ್ಚ್ 15ರಂದು ಕಪ್ಪು ಸಮುದ್ರದ ದಡದ ಒಡೆಸ್ಸಾ ಪಟ್ಟಣದಲ್ಲಿ ಒಂದು ಯೆಹೂದಿ ಮನೆತನದಲ್ಲಿ ಜನಿಸಿದರು. ಆ ಪಟ್ಟಣ ಅಂದು ರಷ್ಯದ ಚಕ್ರವರ್ತಿಯ ಅಧೀನದಲ್ಲಿತ್ತು. ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಪ್ರಾಣಿಶಾಸ್ತ್ರವನ್ನು ಓದುವಾಗ ಮೆಚ್ನಿಕಾಫ್ ಎಂಬ ಮಹಾ ವಿಜ್ಞಾನಿ ಅವರಿಗೆ ಗುರುವಾಗಿ ದೊರೆತರು. ಯೆಹೂದ್ಯರ ಮೇಲೆ ಗಲಭೆಗಳಾದಾಗ ತಮ್ಮವರ ರಕ್ಷಣೆಗೆ ನಿಂತು ತರುಣ ಹಾಫ್ಕಿನ್ನರು ಗಾಯಗೊಂಡರು, ಸೆರೆಮನೆಯನ್ನೂ ಕಂಡರು. ಮತ ಬದಲಿಸಿದ್ದರೆ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕ ಪದವಿ ಸಿಗುತ್ತಿತ್ತು. ಅವರು ಬದಲಿಸಲಿಲ್ಲ. 1888ರಲ್ಲಿ ದೇಶ ಬಿಟ್ಟು ಸ್ವಿಟ್ಜರ್ಲೆಂಡಿನ ಜಿನೀವಾಕ್ಕೂ, ಅಲ್ಲಿಂದ ಮರುವರ್ಷ ಪ್ಯಾರಿಸಿನ ಪಾಶ್ಚರ್ ಸಂಸ್ಥೆಗೂ ಬಂದರು. ಅಲ್ಲಿ ಖಾಲಿಯಿದ್ದದ್ದು ಪುಸ್ತಕ ಭಂಡಾರದ ಸಹಾಯಕನ ಕೆಲಸವೊಂದೇ. ಅದನ್ನೇ ಹಿಡಿದರು. ಊರು ಬಿಟ್ಟು ಬಂದವನಿಗೆ ಮೊದಲು ಸಿಗುವುದು ಲೋಟ ತೊಳೆಯುವ ಕೆಲಸವೇ ಎಂಬುದನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ.

ಹಗಲು ಪುಸ್ತಕಗಳನ್ನು ಜೋಡಿಸಿ, ಉಳಿದ ವೇಳೆಯನ್ನು ಪ್ರಯೋಗಶಾಲೆಯಲ್ಲಿ ಕಳೆದು, ಕೆಲವೇ ವರ್ಷಗಳಲ್ಲಿ ಅವರು ಕಾಲರಾ ರೋಗಕ್ಕೆ ಒಂದು ಲಸಿಕೆಯನ್ನು ಸಿದ್ಧಪಡಿಸಿದರು. 1892ರ ಜುಲೈ 18ರಂದು ಅದನ್ನು ಮೊದಲು ಚುಚ್ಚಿಕೊಂಡದ್ದು ತಮ್ಮ ಮೈಗೇ. ಜ್ವರ ಬಂತು, ಇಳಿಯಿತು. ಹಿಂದೆ ಭಾರತದ ವೈಸರಾಯರಾಗಿದ್ದು ಆಗ ಪ್ಯಾರಿಸಿನಲ್ಲಿ ರಾಯಭಾರಿಯಾಗಿದ್ದ ಲಾರ್ಡ್ ಡಫರಿನ್ನರ ನೆರವಿನಿಂದ, ಕಾಲರಾದ ತವರಾದ ನಮ್ಮ ದೇಶಕ್ಕೆ ಬರುವ ಅವಕಾಶ ಅವರಿಗೆ ದೊರೆಯಿತು. 1893ರ ಮಾರ್ಚಿಯಲ್ಲಿ ಕಲ್ಕತ್ತೆಗೆ ಬಂದಿಳಿದರು.

ಕಲ್ಕತ್ತೆಯ ಬಸ್ತಿಗಳಲ್ಲಿ ಜನ ಮೊದಮೊದಲು ಅವರನ್ನು ಕಲ್ಲು ಹೊಡೆದು ಓಡಿಸುವ ಸ್ಥಿತಿಯಲ್ಲಿದ್ದರು. ಜೊತೆಯಲ್ಲಿದ್ದ ಬಂಗಾಳಿ ವೈದ್ಯರು ಎಲ್ಲರೆದುರಿಗೆ ತಾವು ಮೊದಲು ಚುಚ್ಚಿಸಿಕೊಂಡ ಮೇಲೆ ಒಬ್ಬೊಬ್ಬರಾಗಿ ಮುಂದೆ ಬಂದರು. ಅಲ್ಲಿ ಹಾಫ್ಕಿನ್ನರು ಒಂದು ಪದ್ಧತಿಯನ್ನು ಕಲಿತರು. ಒಂದೇ ಮನೆಯಲ್ಲಿ, ಒಂದೇ ಕೆರೆಯ ನೀರು ಕುಡಿಯುವವರಲ್ಲಿ, ಕೆಲವರು ಚುಚ್ಚಿಸಿಕೊಂಡಿರುತ್ತಾರೆ, ಕೆಲವರು ಇಲ್ಲ. ರೋಗ ಆ ಮನೆಯನ್ನು ಹೊಕ್ಕಾಗ ಇಬ್ಬಗೆಯವರಲ್ಲಿ ಎಷ್ಟೆಷ್ಟು ಮಂದಿಗೆ ಬಂತು, ಎಷ್ಟೆಷ್ಟು ಮಂದಿ ಸತ್ತರು ಎಂದು ಬರೆದಿಡಬೇಕು. ಶ್ರೀಮಂತರ ಬೀದಿಯನ್ನು ಬಡವರ ಬೀದಿಯೊಡನೆ ಹೋಲಿಸಿದರೆ ಅದು ಲೆಕ್ಕವೇ ಅಲ್ಲ. ಇಂದು ಯಾವುದೇ ಲಸಿಕೆಯ ಗುಣವನ್ನು ಅಳೆಯುವವರು ಹಿಡಿಯುವ ದಾರಿ ಮೂಲದಲ್ಲಿ ಇದೇ ಆಗಿದೆ. ಒಬ್ಬನಿಗೆ ಬಂತೆ ಇಲ್ಲವೆ ಎಂಬುದರಿಂದ ಮದ್ದಿನ ಬೆಲೆ ತಿಳಿಯುವುದಿಲ್ಲ. ನೂರು ಜನರಲ್ಲಿ ಎಷ್ಟು ಎಂಬುದರಿಂದ ತಿಳಿಯುತ್ತದೆ.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಗೆ ಪ್ಲೇಗು ಬಂತು. ಅಕ್ಟೋಬರಿನಲ್ಲಿ ಸರಕಾರವು ಹಾಫ್ಕಿನ್ನರನ್ನು ಅಲ್ಲಿಗೆ ಕರೆಸಿತು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಒಂದು ಕೋಣೆ, ಒಂದು ಓಣಿ, ಒಬ್ಬ ಗುಮಾಸ್ತ, ಮೂವರು ಜವಾನರು, ಇಷ್ಟೇ ಅವರ ಪರಿವಾರ. ಅಲ್ಲಿ ಮೂರು ತಿಂಗಳು ಮಾಡಿದ ಕೆಲಸವನ್ನು ಅಡಿಗೆಮನೆಯ ಅನುಭವವುಳ್ಳವರು ಚೆನ್ನಾಗಿ ಅರ್ಥಮಾಡಿಕೊಳ್ಳಬಲ್ಲರು. ದೊಡ್ಡ ಗಾಜಿನ ಬುದ್ದಲಿಗಳಲ್ಲಿ ಮಾಂಸದ ತಿಳಿಸಾರನ್ನು ತುಂಬಿ ಅದರಲ್ಲಿ ಪ್ಲೇಗಿನ ರೋಗಾಣುಗಳನ್ನು ಬೆಳೆಸಬೇಕಾಗಿತ್ತು. ಹಿಂದುಗಳಿಗೂ ಮುಸಲ್ಮಾನರಿಗೂ ಮನಸ್ಸು ನೋಯಬಾರದೆಂದು ದನದ ಮಾಂಸವನ್ನೂ ಹಂದಿಯ ಮಾಂಸವನ್ನೂ ಬಿಟ್ಟು ಆಡಿನ ಮಾಂಸವನ್ನು ತೆಗೆದುಕೊಂಡರು. ಸಾರಿನ ಮೇಲೆ ತುಪ್ಪದ ಅಥವಾ ತೆಂಗಿನೆಣ್ಣೆಯ ಹನಿಗಳನ್ನು ತೇಲಿಬಿಟ್ಟರೆ ರೋಗಾಣುಗಳು ಆ ಹನಿಗಳನ್ನು ಹಿಡಿದುಕೊಂಡು ಕೆಳಕ್ಕೆ ಜಡೆಜಡೆಯಾಗಿ ಇಳಿಬೀಳುತ್ತಿದ್ದುವು. ದಿನಕಳೆದಂತೆ ಬುದ್ದಲಿಯನ್ನು ಅಲುಗಿಸಿ ಅವುಗಳನ್ನು ತಳಕ್ಕೆ ಬೀಳಿಸಿದರೆ ಮತ್ತೆ ಹೊಸ ಜಡೆ. ಹೀಗೆ ಐದಾರು ವಾರಗಳ ಬೆಳೆ. ಕೊನೆಗೆ ಇಡೀ ಬುದ್ದಲಿಯನ್ನು ಸುಮಾರು 65 ರಿಂದ 70 ಡಿಗ್ರಿ ಶಾಖದಲ್ಲಿ ಒಂದು ಗಂಟೆ ಇಟ್ಟು ರೋಗಾಣುಗಳನ್ನು ಕೊಂದು, ಕೆಡದಂತೆ ತುಸು ಕಾರ್ಬಾಲಿಕ್ ಆಮ್ಲವನ್ನು ಸೇರಿಸುತ್ತಿದ್ದರು. ಶಾಖ ಕಡಿಮೆಯಾದರೆ ಜೀವಂತ ರೋಗಾಣು ಉಳಿದೀತು. ಹೆಚ್ಚಾದರೆ ಮದ್ದಿನ ಗುಣವೇ ಹೋದೀತು. ಹದ ತಪ್ಪಿದರೆ ಎರಡು ಕಡೆಯೂ ಕೇಡು.

ಸತ್ತ ರೋಗಾಣುವನ್ನು ಮೈಗೆ ತೋರಿಸಿ ಜೀವಂತ ರೋಗಾಣುವಿನೊಡನೆ ಹೋರಾಡುವ ಪಾಠವನ್ನು ಮೈಗೆ ಕಲಿಸುವ ಈ ಕ್ರಮ ಈಗಲೂ ಬಿಟ್ಟುಹೋಗಿಲ್ಲ. ನಮ್ಮ ಹೈದರಾಬಾದಿನ ಹೊರವಲಯದ ಜೀನೋಮ್ ವ್ಯಾಲಿಯಲ್ಲಿ ಭಾರತ್ ಬಯೋಟೆಕ್ ಸಂಸ್ಥೆಯವರು ತಯಾರಿಸಿದ ಕೋವ್ಯಾಕ್ಸಿನ್ ಅದೇ ಜಾತಿಯದು. ಅಲ್ಲಿ ಕೊಲ್ಲಲ್ಪಟ್ಟದ್ದು ಬ್ಯಾಕ್ಟೀರಿಯವಲ್ಲ, ವೈರಸ್. ಕೊಂದದ್ದು ಶಾಖವಲ್ಲ, ರಾಸಾಯನಿಕ. ಜೊತೆಗೆ ಮೈಯ ಎಚ್ಚರವನ್ನು ಹೆಚ್ಚಿಸಲು ಬೇರೊಂದು ಒಗ್ಗರಣೆಯನ್ನೂ ಸೇರಿಸಿದ್ದಾರೆ.

1897ರ ಜನವರಿ 10ರಂದು ಹಾಫ್ಕಿನ್ನರು ತಮ್ಮ ಮೈಗೆ 10 ಘನ ಸೆಂಟಿಮೀಟರಿನಷ್ಟು ಮದ್ದನ್ನು ಚುಚ್ಚಿಸಿಕೊಂಡರು. ಮುಂದೆ ಜನರಿಗೆ ಕೊಡಲಿದ್ದುದರ ಮೂರು ನಾಲ್ಕು ಪಟ್ಟು ಅದು. ಜ್ವರ, ನೋವು ಬಂದುವು. ಕೆಲಸವನ್ನು ಮಾತ್ರ ನಿಲ್ಲಿಸಲಿಲ್ಲ. ಅದೇ ತಿಂಗಳ ಕೊನೆಯಲ್ಲಿ ಬೈಕುಲ್ಲಾ ಸೆರೆಮನೆಗೆ ಪ್ಲೇಗು ಹೊಕ್ಕಿತು. 30ನೆಯ ತಾರೀಖು, ಇಷ್ಟಪಟ್ಟು ಮುಂದೆ ಬಂದ ಸುಮಾರು ನೂರೈವತ್ತು ಕೈದಿಗಳಿಗೆ ಮದ್ದು ಹಾಕಲಾಯಿತು. ಉಳಿದವರು ಹಾಗೆಯೇ ಇದ್ದರು. ಒಂದೇ ಗೋಡೆಯೊಳಗೆ, ಒಂದೇ ಅನ್ನ ಉಣ್ಣುತ್ತಿದ್ದವರು. ಮುಂದಿನ ದಿನಗಳಲ್ಲಿ ಹಾಕಿಸಿಕೊಳ್ಳದವರಲ್ಲಿ 12 ಮಂದಿಗೆ ರೋಗ ಬಂದು 6 ಮಂದಿ ಸತ್ತರು. ಹಾಕಿಸಿಕೊಂಡವರಲ್ಲಿ 2 ಮಂದಿಗೆ ಬಂತು, ಇಬ್ಬರೂ ಬದುಕಿದರು. ಆದರೆ ಮದ್ದು ಹಾಕಿದ ದಿನವೇ ಮೂವರು ಹಾಸಿಗೆ ಹಿಡಿದು ತೀರಿಕೊಂಡಿದ್ದರು. ಅವರ ಮೈಯಲ್ಲಿ ರೋಗ ಮೊದಲೇ ಸೇರಿತ್ತೆಂದು ಹಾಫ್ಕಿನ್ನರು ಅವರನ್ನು ಲೆಕ್ಕದಿಂದ ಬೇರೆ ಇಟ್ಟರು. ಊರಿನವರು ಹಾಗೆ ಬೇರೆ ಇಡುತ್ತಾರೆಯೆ? ಸೂಜಿಯಿಂದಲೇ ಸತ್ತರೆಂಬ ಮಾತು ಹಬ್ಬಿತು.

ಈ ಮೂವರ ವಿಷಯವನ್ನು ಓದಿದಾಗ ನಮಗೆ ನಿದ್ದೆ ಬರಲಿಲ್ಲವೆಂಬುದನ್ನು ವಾಚಕರ ಮುಂದೆ ಒಪ್ಪಿಕೊಳ್ಳಬೇಕು. 2021ರಲ್ಲಿ ಮಾದಾಪುರದಲ್ಲಿ ನಮ್ಮ ಹೋಟೆಲು ಇನ್ನೂ ನಡೆಯುತ್ತಿತ್ತು. ಗಲ್ಲಾದಲ್ಲಿ ಕುಳಿತುಕೊಳ್ಳುತ್ತಿದ್ದ ಹಿರಿಯರೊಬ್ಬರನ್ನು ನಾವೆಲ್ಲ ಮಾಮ ಎಂದೇ ಕರೆಯುತ್ತಿದ್ದೆವು. ವಯಸ್ಸು ಐವತ್ತೆಂಟು, ಸಕ್ಕರೆ ಕಾಯಿಲೆಯಿತ್ತು. ಮಾರ್ಚ್ 1ರಿಂದ ಅಂಥವರಿಗೆ ಲಸಿಕೆ ಆರಂಭವಾದಾಗ ಒಂದು ದಿನದ ರಜೆ ಕೇಳಿದರು. ಯುಗಾದಿಯ ಗಿರಾಕಿ ಕಳೆಯಲಿ ಎಂದು ನಾವು ಮುಂದಕ್ಕೆ ಹಾಕಿದೆವು. ಯುಗಾದಿ ಏಪ್ರಿಲ್ 13ಕ್ಕೆ ಮುಗಿಯಿತು. ಅನಂತರದ ವಾರದಲ್ಲಿ ಅವರು ಮೊದಲ ಚುಚ್ಚುಮದ್ದನ್ನು ಹಾಕಿಸಿಕೊಂಡರು. ಆರನೆಯ ದಿನ ಜ್ವರ, ಹನ್ನೆರಡನೆಯ ದಿನ ಆಮ್ಲಜನಕ, ಮೇ ತಿಂಗಳಿಗೆ ಮಾಮ ಇರಲಿಲ್ಲ. ಕೋಣೆಯ ಹುಡುಗರು ಲಸಿಕೆ ಅವರನ್ನು ಕೊಂದಿತೆಂದರು, ಹಲವರು ತಮ್ಮ ಸರದಿಯನ್ನೂ ಬಿಟ್ಟರು. ನಾವು ಅದನ್ನು ಖಂಡಿಸಲಿಲ್ಲ. ಖಂಡಿಸಬೇಕಾದರೆ ಆ ಆರು ವಾರಗಳ ಮಾತನ್ನು ಎತ್ತಬೇಕಾಗುತ್ತಿತ್ತು.

ಇಡ್ಲಿಯ ಹಿಟ್ಟು ರುಬ್ಬಿದ ಗಳಿಗೆಗೆ ಉಬ್ಬುವುದಿಲ್ಲ, ಅದಕ್ಕೊಂದು ರಾತ್ರಿ ಬೇಕು. ಲಸಿಕೆಗೂ ಹಾಗೆಯೇ ದಿನ ಬೇಕು. ಫ್ಲೂವಿನ ಮದ್ದು ಮೈಗೆ ಹತ್ತಲು ಎರಡು ವಾರ ಹಿಡಿಯುತ್ತದೆ. ಕೊರೋನಾದ ಮದ್ದಿಗೆ ಎರಡನೆಯ ಸಲ ಹಾಕಿಸಿಕೊಂಡು ಎರಡು ವಾರವಾದ ಮೇಲೆಯೇ ಪೂರ್ಣ ಬಲ. ಹಾಫ್ಕಿನ್ನರ ಕಾಲದಲ್ಲಿ ಸರಕಾರ ನೇಮಿಸಿದ ಪ್ಲೇಗ್ ಕಮಿಷನ್ ಇದನ್ನು ಆಗಲೇ ಕಂಡುಕೊಂಡಿತ್ತು. ಮದ್ದಿನಿಂದ ರೋಗವೂ ಸಾವೂ ಬಹಳ ಮಟ್ಟಿಗೆ ಕಡಿಮೆಯಾಗುತ್ತವೆ, ಆದರೆ ರಕ್ಷಣೆ ಸಂಪೂರ್ಣವಲ್ಲ, ಮೊದಲ ಕೆಲವು ದಿನಗಳಲ್ಲಿ ಹೆಚ್ಚಿನ ರಕ್ಷಣೆಯಿಲ್ಲ, ತಿಂಗಳುಗಳು ಕಳೆದಂತೆ ಬಲ ಕುಂದುತ್ತದೆ ಎಂಬುದು ಅದರ ಅಭಿಪ್ರಾಯವಾಗಿತ್ತು. ಇಂದಿನ ಫ್ಲೂ ಲಸಿಕೆಯ ಕಾಗದದಲ್ಲಿಯೂ ಇಷ್ಟೇ ಇರುತ್ತದೆ. ಒಂದೊಂದು ಸೀಸೆಯಲ್ಲಿ ಮದ್ದಿನ ಬಲ ಒಂದೊಂದು ಬಗೆಯಾಗಿದೆ, ಪ್ರಮಾಣ ಸರಿಯಾಗಿ ನಿಗದಿಯಾಗಿಲ್ಲ ಎಂದೂ ಆ ಕಮಿಷನ್ ಆಕ್ಷೇಪಿಸಿತು. ಅದೂ ನ್ಯಾಯವಾದ ಆಕ್ಷೇಪವೇ.

ಈಗ ನಮ್ಮ ನಾಡಿನ ಮಾತಿಗೆ ಬರೋಣ. 1898ರಲ್ಲಿ ಪ್ಲೇಗು ಹುಬ್ಬಳ್ಳಿ ಧಾರವಾಡಗಳನ್ನು ಹಿಡಿಯಿತು. ಹಿಂದಿನ ವರ್ಷವಷ್ಟೇ ಪುಣೆಯಲ್ಲಿ ಸೋಲ್ಜರುಗಳನ್ನು ಮನೆಮನೆಗೆ ನುಗ್ಗಿಸಿದ ರ‍್ಯಾಂಡ್ ಸಾಹೇಬನ ಕೊಲೆಯಾಗಿತ್ತು. ಬಲಾತ್ಕಾರದಿಂದ ಆಗುವ ಕೆಲಸವಲ್ಲವೆಂದು ಅಧಿಕಾರಿಗಳಿಗೂ ಮನವರಿಕೆಯಾಗಿತ್ತು. ಹುಬ್ಬಳ್ಳಿಯಲ್ಲಿ ಲ್ಯೂಮನ್ ಎಂಬ ವೈದ್ಯರು ಹಾಫ್ಕಿನ್ನರ ಮದ್ದನ್ನು ಹಾಕಲು ಕುಳಿತರು. ಆಗ ಆ ಊರಿನ ಜನಸಂಖ್ಯೆ ಐವತ್ತು ಸಾವಿರದ ಆಸುಪಾಸು. ಕೆಲವೇ ತಿಂಗಳುಗಳಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಚುಚ್ಚಿಸಿಕೊಂಡರು, ಅವರಲ್ಲಿ ಬಹುಮಂದಿ ಎರಡು ಸಲ. ವಾರವಾರವೂ ಸಾವಿನ ಪಟ್ಟಿ ಮಾಡಿದಾಗ ಚುಚ್ಚಿಸಿಕೊಳ್ಳದವರ ಗುಂಪು ದಿನೇ ದಿನೇ ಚಿಕ್ಕದಾಗುತ್ತಿದ್ದರೂ ಸಾವಿನ ಪಾಲು ಅವರ ಕಡೆಗೇ ಹೆಚ್ಚಾಗಿತ್ತು. ಒಮ್ಮೆ ಹಾಕಿಸಿಕೊಂಡವರಿಗಿಂತ ಎರಡು ಸಲ ಹಾಕಿಸಿಕೊಂಡವರು ಹೆಚ್ಚು ಸುರಕ್ಷಿತರಾಗಿದ್ದರು. ಮುಂಬಯಿ, ಕರಾಚಿ ಮೊದಲಾದ ದೊಡ್ಡ ನಗರಗಳ ಜೊತೆಯಲ್ಲಿ ಲಸಿಕೆಯ ಚರಿತ್ರೆಯಲ್ಲಿ ಹುಬ್ಬಳ್ಳಿಯ ಹೆಸರು ನಿಂತಿರುವುದು ಇದರಿಂದಲೇ. ಅದೇ ಆಗಸ್ಟಿನಲ್ಲಿ ರೋಗ ರೈಲು ಹತ್ತಿ ಬೆಂಗಳೂರಿಗೂ ಇಳಿಯಿತು. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳು ಆ ಪ್ಲೇಗಿನ ಕಾಲದಲ್ಲಿ ಬೆಳೆದ ಬಡಾವಣೆಗಳೆಂಬುದನ್ನು ಹಲವರು ಬಲ್ಲರು.

ಆ ವರ್ಷ ಫೆಬ್ರವರಿಯಲ್ಲಿ ಬಡೋದೆಯ ಬಳಿಯ ಉಂಧೇರಾ ಎಂಬ ಹಳ್ಳಿಯಲ್ಲಿ ಹಾಫ್ಕಿನ್ನರು ತಾವೇ ನಿಂತು ಮಾಡಿದ ಲೆಕ್ಕ ಇನ್ನೂ ಸ್ಪಷ್ಟವಾದದ್ದು. ಪ್ರತಿ ಮನೆಯಲ್ಲಿಯೂ ಅರ್ಧದಷ್ಟು ಜನರಿಗೆ ಮದ್ದು, ಅರ್ಧಕ್ಕೆ ಇಲ್ಲ. ರೋಗ ಹೊಕ್ಕ 28 ಮನೆಗಳಲ್ಲಿ, ಹಾಕಿಸಿಕೊಳ್ಳದ 64 ಮಂದಿಯಲ್ಲಿ 27 ಜನರಿಗೆ ಪ್ಲೇಗು ಬಂದು 26 ಜನ ಸತ್ತರು. ಹಾಕಿಸಿಕೊಂಡ 71 ಮಂದಿಯಲ್ಲಿ 8 ಜನರಿಗೆ ಬಂದು 3 ಜನ ಸತ್ತರು. ಆ ಎಂಟು ಜನರ ಮನೆಯವರನ್ನು ಕೇಳಿದ್ದರೆ ಮದ್ದು ಸುಳ್ಳೆಂದೇ ಹೇಳುತ್ತಿದ್ದರು. ನಮ್ಮ ಪತ್ರಗಳನ್ನು ಬರೆಯುವವರು ಆ ಎಂಟು ಜನರ ಬಂಧುಗಳ ಹಾಗೆ. ಅವರ ಅನುಭವ ನಿಜ, ಆದರೆ ಲೆಕ್ಕದ ಪುಸ್ತಕದಲ್ಲಿ ಅದು ಒಂದೇ ಪುಟ. ಕೋವ್ಯಾಕ್ಸಿನ್ನಿನ ಪರೀಕ್ಷೆಯನ್ನು 25 ಸಾವಿರಕ್ಕೂ ಹೆಚ್ಚು ಜನರಲ್ಲಿ ಮಾಡಿ 2021ರಲ್ಲಿ ಪ್ರಕಟಿಸಿದಾಗ, ರೋಗಲಕ್ಷಣ ಬರದಂತೆ ತಡೆಯುವ ಬಲ 100ಕ್ಕೆ ಸುಮಾರು 78, ತೀವ್ರ ರೋಗವನ್ನು ತಡೆಯುವ ಬಲ 100ಕ್ಕೆ ಸುಮಾರು 93 ಎಂದು ಕಂಡಿತು. ರೂಪ ಬದಲಿಸಿ ಬಂದ ಡೆಲ್ಟಾ ವೈರಸ್ಸಿನೆದುರು ಮೊದಲನೆಯ ಅಂಕಿ 65ಕ್ಕೆ ಇಳಿಯಿತು.

ರೂಪ ಬದಲಿಸುವ ಈ ವಿದ್ಯೆಯಲ್ಲಿ ಪ್ಲೇಗಿನ ರೋಗಾಣು ದಡ್ಡ. ಅದು ಹಾಫ್ಕಿನ್ನರ ಪುಣ್ಯ. ಫ್ಲೂ ಮತ್ತು ಕೊರೋನಾಗಳ ವೈರಸ್‌ಗಳು ಹಾಗಲ್ಲ. ಫ್ಲೂ ತನ್ನ ಅಂಗಿಯನ್ನು ವರ್ಷ ವರ್ಷವೂ ಬದಲಿಸುತ್ತದೆ. ಆದುದರಿಂದ ಜಗತ್ತಿನ ಆರೋಗ್ಯ ಸಂಸ್ಥೆಯವರು ವರ್ಷಕ್ಕೆ ಎರಡು ಸಲ, ಫೆಬ್ರವರಿಯಲ್ಲಿ ಉತ್ತರದ ದೇಶಗಳಿಗೂ ಸೆಪ್ಟೆಂಬರಿನಲ್ಲಿ ದಕ್ಷಿಣದ ದೇಶಗಳಿಗೂ, ಮುಂದಿನ ಹಂಗಾಮಿಗೆ ಯಾವ ಯಾವ ರೂಪಗಳನ್ನು ಲಸಿಕೆಯಲ್ಲಿ ಸೇರಿಸಬೇಕೆಂದು ಊಹಿಸಿ ಹೇಳುತ್ತಾರೆ. ಊಹೆ ಸರಿಹೋದ ವರ್ಷ ಅದು ಸಾಮಾನ್ಯವಾಗಿ 100ಕ್ಕೆ 40 ರಿಂದ 60ರಷ್ಟು ರಕ್ಷಣೆ ಕೊಡುತ್ತದೆ, ತಪ್ಪಿದ ವರ್ಷ ಅದಕ್ಕಿಂತ ಕಡಿಮೆ. ಹೋದ ವರ್ಷ ಹಾಕಿಸಿಕೊಂಡೆನಲ್ಲಾ ಎಂದು ಈ ವರ್ಷ ಸುಮ್ಮನಿರುವುದು ಹೋದ ವರ್ಷದ ಕ್ಯಾಲೆಂಡರನ್ನು ನೋಡಿ ಈ ವರ್ಷದ ಹಬ್ಬ ಮಾಡಿದ ಹಾಗೆ. ಮೈಯೂ ಒಂದೇ ಬಗೆಯದಲ್ಲ. ವಯಸ್ಸಾದವರಲ್ಲಿಯೂ ದೀರ್ಘ ರೋಗವುಳ್ಳವರಲ್ಲಿಯೂ ಲಸಿಕೆಯ ಪಾಠ ಅಷ್ಟು ಚೆನ್ನಾಗಿ ನಾಟುವುದಿಲ್ಲ. ಕೆಲವು ದೇಶಗಳಲ್ಲಿ 65 ದಾಟಿದವರಿಗೆ ಹೆಚ್ಚು ಪ್ರಮಾಣದ ಮದ್ದನ್ನು ಕೊಡುವುದು ಇದಕ್ಕಾಗಿಯೇ. ಅವರಿಗೆ ಫಲ ಕಡಿಮೆಯಾದರೂ ಬೇಕಾದದ್ದು ಅವರಿಗೇ ಹೆಚ್ಚು.

ಚುಚ್ಚಿಸಿಕೊಂಡವನಿಗೂ ನೆಗಡಿ ಏಕೆ ಎಂಬುದಕ್ಕೆ ಇನ್ನೊಂದು ಕಾರಣವನ್ನು ಹಾಫ್ಕಿನ್ನರ ಲಸಿಕೆಯ ಮಿತಿಯಲ್ಲಿಯೇ ಕಾಣಬಹುದು. ಪ್ಲೇಗಿನ ಬಗೆಗಳಲ್ಲಿ ಎರಡನ್ನು ಇಲ್ಲಿ ಹೇಳಬೇಕು. ಚಿಗಟದ ಕಡಿತದಿಂದ ಬರುವ ಗಡ್ಡೆ ಪ್ಲೇಗು ಒಂದು. ಕೆಮ್ಮಿದವನ ಉಸಿರಿನಿಂದ ನೇರವಾಗಿ ಎದೆಗೆ ಇಳಿಯುವ ಶ್ವಾಸಕೋಶದ ಪ್ಲೇಗು ಇನ್ನೊಂದು. ಸತ್ತ ರೋಗಾಣುವಿನ ಆ ಮದ್ದು ಮೊದಲನೆಯದರ ಮುಂದೆ ಗೆದ್ದಿತು. ಎರಡನೆಯದರ ಮುಂದೆ ಅದನ್ನು ನಂಬುವಂತಿರಲಿಲ್ಲ. ತೋಳಿಗೆ ಹಾಕಿದ ಮದ್ದು ರಕ್ತದಲ್ಲಿ ಕಾವಲುಗಾರರನ್ನು ನಿಲ್ಲಿಸುತ್ತದೆ, ಮೂಗು ಗಂಟಲುಗಳ ಒದ್ದೆ ಪೊರೆಯಲ್ಲಿ ಅಷ್ಟಾಗಿ ನಿಲ್ಲಿಸುವುದಿಲ್ಲ. ಹೀಗಿರುವಲ್ಲಿ ಉಸಿರಿನ ದಾರಿಯಲ್ಲಿ ಬರುವ ವೈರಸ್ ಬಾಗಿಲಲ್ಲಿ ನುಸುಳಿಕೊಳ್ಳುತ್ತದೆ, ಮೂಗು ಸೋರುತ್ತದೆ, ಗಂಟಲು ಕೆರೆಯುತ್ತದೆ. ಒಳಕೋಣೆಗೆ, ಎಂದರೆ ಶ್ವಾಸಕೋಶಕ್ಕೆ, ಇಳಿಯುವಾಗ ರಕ್ತದ ಕಾವಲು ಅದನ್ನು ಹಿಡಿಯುತ್ತದೆ. ನೆಗಡಿಯನ್ನು ತಡೆಯದ ಮದ್ದು ಸಾವನ್ನು ತಡೆಯುವ ಗುಟ್ಟು ಇಷ್ಟೇ. ಬಾಗಿಲಲ್ಲಿಯೇ ಕಾವಲು ನಿಲ್ಲಿಸಬೇಕೆಂದು ಮೂಗಿನಲ್ಲಿ ಹನಿಯಾಗಿ ಹಾಕುವ ಕೊರೋನಾ ಲಸಿಕೆಯೊಂದನ್ನು ಹೈದರಾಬಾದಿನ ಅದೇ ಸಂಸ್ಥೆ ಸಿದ್ಧಪಡಿಸಿ, 2023ರ ಗಣರಾಜ್ಯ ದಿನದಂದು ಅದು ಬಿಡುಗಡೆಯಾಯಿತು.

ಈ ನಡುವೆ ಹಾಫ್ಕಿನ್ನರ ಕೀರ್ತಿ ಏರಿತ್ತು. ಆಗಾ ಖಾನರು ಜನರೆದುರು ತಾವೇ ಚುಚ್ಚಿಸಿಕೊಂಡು ತಮ್ಮ ಖೋಜಾ ಸಮಾಜದ ಸಾವಿರಾರು ಜನರನ್ನು ಮುಂದೆ ತಂದರು, ಪ್ರಯೋಗಶಾಲೆಗೆ ಮನೆಯನ್ನೂ ಕೊಟ್ಟರು. 1899ರ ಆಗಸ್ಟಿನಲ್ಲಿ ಪರೇಲಿನ ಹಳೆಯ ಗವರ್ನರ್ ಬಂಗಲೆಯಲ್ಲಿ ಪ್ಲೇಗ್ ಸಂಶೋಧನಾಲಯವು ಸ್ಥಾಪನೆಯಾಗಿ ಹಾಫ್ಕಿನ್ನರು ಅದರ ಮುಖ್ಯಾಧಿಕಾರಿಯಾದರು. ದೇಶದ ಮೂಲೆಮೂಲೆಗೂ ಅಲ್ಲಿಂದ ಸೀಸೆಗಳು ಹೋಗತೊಡಗಿದುವು.

1902ರಲ್ಲಿ ಪಂಜಾಬ ಸರಕಾರವು ಲಕ್ಷಗಟ್ಟಲೆ ಜನರಿಗೆ ಮದ್ದು ಹಾಕಲು ಹೊರಟಿತು. ಅಷ್ಟು ಮದ್ದನ್ನು ಹಳೆಯ ಕ್ರಮದಲ್ಲಿ ಒದಗಿಸುವುದು ಸಾಧ್ಯವಿರಲಿಲ್ಲ. ಹಾಫ್ಕಿನ್ನರು ತಯಾರಿಕೆಯ ಕ್ರಮವನ್ನು ಬದಲಿಸಿ, ಕಾರ್ಬಾಲಿಕ್ ಆಮ್ಲವನ್ನು ಬಿಟ್ಟು, ಶಾಖವೊಂದನ್ನೇ ನೆಚ್ಚಿದರು. ಅಕ್ಟೋಬರ್ 30ರಂದು ಮುಲ್ಕೊವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಐದು ಸೀಸೆಗಳಿಂದ ಮದ್ದು ಹಾಕಲಾಯಿತು. ಒಂದು ವಾರ ಕಳೆದ ಮೇಲೆ ಅವರಲ್ಲಿ 19 ಮಂದಿಗೆ ಧನುರ್ವಾಯು ತಗಲಿತು. ಹತ್ತೊಂಬತ್ತು ಮಂದಿಯೂ ಸತ್ತರು. ಎಲ್ಲರೂ 53-ಎನ್ ಎಂಬ ಒಂದೇ ಸೀಸೆಯ ಮದ್ದು ಹಾಕಿಸಿಕೊಂಡವರು. ಉಳಿದ ನಾಲ್ಕು ಸೀಸೆಯವರಿಗೆ ಏನೂ ಆಗಿರಲಿಲ್ಲ.

ಸರಕಾರ ವಿಚಾರಣಾ ಮಂಡಲಿಯನ್ನು ನೇಮಿಸಿತು. ಸೀಸೆ ಪರೇಲಿನಲ್ಲಿಯೇ ಕೆಟ್ಟಿತ್ತು, ಕಾರ್ಬಾಲಿಕ್ ಬಿಟ್ಟದ್ದೇ ತಪ್ಪು ಎಂದು ಮಂಡಲಿ ತೀರ್ಪುಕೊಟ್ಟಿತು. ಹಾಫ್ಕಿನ್ನರನ್ನು ಕೆಲಸದಿಂದ ತಡೆಹಿಡಿದರು. 1904ರಲ್ಲಿ ಅವರು ದೇಶ ಬಿಟ್ಟುಹೋದರು. ಆದರೆ ಆ ದಿನ ಹಳ್ಳಿಯಲ್ಲಿ ಸೀಸೆಯನ್ನು ತೆರೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಅದನ್ನೆತ್ತಿ ಔಷಧದ ನೀರಿನಲ್ಲಿ ಸುಮ್ಮನೆ ಅದ್ದಿ ಅದರಿಂದಲೇ ಬಿರಡೆಯನ್ನು ಕಿತ್ತಿದ್ದರು. ಧನುರ್ವಾಯುವಿನ ಬೀಜ ಇರುವುದು ಮಣ್ಣಿನಲ್ಲಿ. ವಾರಗಟ್ಟಲೆ ಮೊದಲೇ ಸೀಸೆ ಕೆಟ್ಟಿದ್ದರೆ ತೆರೆದೊಡನೆ ದುರ್ವಾಸನೆ ಬರಬೇಕಾಗಿತ್ತು. ಮೂಸಿ ನೋಡಿದ ವೈದ್ಯರಿಗೆ ಅಂಥ ವಾಸನೆ ಬಂದಿರಲಿಲ್ಲ. ಈ ಎರಡು ಸಂಗತಿಗಳಿಗೆ ಯಾರೂ ಬೆಲೆ ಕೊಡಲಿಲ್ಲ. ಅಡಿಗೆ ಕೆಟ್ಟರೆ ಬಡಿಸಿದವನ ಸವಟನ್ನು ನೋಡದೆ ಭಟ್ಟರನ್ನೇ ಹಿಡಿಯುವುದು ಲೋಕದ ರೂಢಿ. ಆದರೂ ಆ ಹತ್ತೊಂಬತ್ತು ಮನೆಗಳವರ ಕಡೆಯಿಂದ ನೋಡಿದರೆ ಯಾರ ತಪ್ಪೆಂಬುದರಿಂದ ಏನು ಬಂತು? ಮದ್ದಿನ ಗುಣ ಸೀಸೆಗೆ ತುಂಬುವಾಗ ಎಷ್ಟೇ ಇರಲಿ, ಸೂಜಿಯ ತುದಿಯವರೆಗೆ ಅದು ಹಾಗೆಯೇ ಬರಬೇಕು. ಈಗ ಫ್ಲೂ ಲಸಿಕೆಯನ್ನು 2 ರಿಂದ 8 ಡಿಗ್ರಿ ತಂಪಿನಲ್ಲಿಯೇ ಇಡಬೇಕೆಂಬ ನಿಯಮವಿದೆ. ಬಿಸಿಯಾದರೂ ಕೆಟ್ಟಿತು, ಮಂಜುಗಟ್ಟಿದರೂ ಕೆಟ್ಟಿತು. ಕರೆಂಟು ಹೋದ ರಾತ್ರಿ ಫ್ರಿಜ್ಜಿನೊಳಗಿನ ಹಾಲಿನ ಗತಿ ಏನೆಂದು ಬಲ್ಲವರು, ಚುಚ್ಚಿಸಿಕೊಳ್ಳುವ ಮುಂಚೆ ಮದ್ದನ್ನು ಎಲ್ಲಿ ಇಟ್ಟಿದ್ದರೆಂದು ಕೇಳಲು ಸಂಕೋಚಪಡಬಾರದು.

ಹಾಫ್ಕಿನ್ನರ ಪರವಾಗಿ ಮುಖ್ಯವಾಗಿ ಹೋರಾಡಿದವರು ರೊನಾಲ್ಡ್ ರಾಸ್. ಇವರಿಗೂ ನಮ್ಮ ಊರಿಗೂ ನಂಟಿದೆ. ಮಾದಾಪುರದಿಂದ ಮೆಟ್ರೋ ಹತ್ತಿದರೆ ಸ್ವಲ್ಪ ಹೊತ್ತಿಗೆ ಸಿಗುವ ಬೇಗಂಪೇಟೆಯ ಒಂದು ಕಟ್ಟಡದಲ್ಲಿ, 1897ರ ಆಗಸ್ಟ್ 20ರಂದು, ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯದ ಜೀವಾಣುವನ್ನು ಕಂಡವರು ಅವರೇ. ಹಾಫ್ಕಿನ್ನರು ಬೈಕುಲ್ಲಾದಲ್ಲಿ ಲೆಕ್ಕ ಬರೆದ ವರ್ಷವೇ ಅದು. 1907ರ ಜುಲೈಯಲ್ಲಿ ರಾಸ್ ಮತ್ತು ಇತರ ಒಂಬತ್ತು ಮಂದಿ ವಿಜ್ಞಾನಿಗಳು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ, ಹಾಫ್ಕಿನ್ನರ ಮೇಲಣ ಆರೋಪಕ್ಕೆ ಆಧಾರವಿಲ್ಲವೆಂದು ಬರೆದರು. ವರ್ಷದ ಕೊನೆಗೆ ಸರಕಾರವು ಅವರನ್ನು ದೋಷಮುಕ್ತರೆಂದು ಸಾರಿ ಮತ್ತೆ ಕೆಲಸಕ್ಕೆ ಕರೆಯಿತು. ಆ ಐದು ವರ್ಷಗಳಲ್ಲಿ ಪಂಜಾಬಿನಲ್ಲಿ ಪ್ಲೇಗಿನಿಂದ ಸತ್ತವರು ಲಕ್ಷಾಂತರ. ಮುಲ್ಕೊವಾಲಿನ ಸುದ್ದಿ ಕೇಳಿ ಹೆದರಿದ ಜನ ಸೂಜಿಯ ಹತ್ತಿರ ಸುಳಿಯಲಿಲ್ಲ. ಲಸಿಕೆಯ ಗುಣವನ್ನು ಕೆಡಿಸುವ ಕಾರಣಗಳಲ್ಲಿ ಇದನ್ನು ವೈದ್ಯರ ಪುಸ್ತಕಗಳಲ್ಲಿ ಕೊನೆಗೆ ಬರೆಯುತ್ತಾರೆ. ನಾವಾದರೆ ಮೊದಲಿಗೇ ಬರೆದೇವು.

ಹಾಫ್ಕಿನ್ನರು ಮರಳಿ ಬಂದರೂ ಪರೇಲು ಅವರಿಗೆ ಸಿಗಲಿಲ್ಲ. ಕಲ್ಕತ್ತೆಯಲ್ಲಿ ಒಂದು ಕೆಲಸ ಕೊಟ್ಟರು. ಜನರ ಮೇಲೆ ಲಸಿಕೆಯ ಪ್ರಯೋಗ ನಡೆಸಲು ಅನುಮತಿ ಕೊಡಲಿಲ್ಲ. ಕೆಲವು ವರ್ಷ ಹಾಗೆಯೇ ಕಳೆದು, ಮಹಾಯುದ್ಧ ಆರಂಭವಾಗುವ ಹೊತ್ತಿಗೆ ನಿವೃತ್ತರಾಗಿ ಯೂರೋಪಿಗೆ ಹಿಂದಿರುಗಿದರು.

1918ರಲ್ಲಿ ಯುದ್ಧಜ್ವರವೆಂದು ನಮ್ಮ ಹಿರಿಯರು ಕರೆಯುತ್ತಿದ್ದ ಇನ್‌ಫ್ಲುಯೆಂಜಾ ಬಂದು ಭಾರತವೊಂದರಲ್ಲಿಯೇ ಒಂದು ಕೋಟಿಗೂ ಮೀರಿ ಜನರನ್ನು ಒಯ್ಯಿತು. ಅದಕ್ಕೂ ಹಲವು ದೇಶಗಳಲ್ಲಿ ಲಸಿಕೆಗಳನ್ನು ಮಾಡಿದರು, ಹಾಫ್ಕಿನ್ನರ ಕ್ರಮದ ಹಾಗೆ ಬ್ಯಾಕ್ಟೀರಿಯವನ್ನು ಬೆಳೆಸಿ ಕೊಂದು. ಆದರೆ ಆ ಜ್ವರ ಬರುತ್ತಿದ್ದುದು ಬ್ಯಾಕ್ಟೀರಿಯದಿಂದಲ್ಲ. ಮನುಷ್ಯರ ಫ್ಲೂವಿನ ವೈರಸ್ಸನ್ನು ವಿಜ್ಞಾನಿಗಳು ಹಿಡಿದದ್ದು 1933ರಲ್ಲಿ. ಕಳ್ಳನ ಗುರುತೇ ತಪ್ಪಿದ್ದ ಮೇಲೆ ಕಾವಲಿನಿಂದ ಫಲವೇನು? ವೈರಸ್ ಸಿಕ್ಕಿ, 1940ರ ದಶಕದಲ್ಲಿ ಅಮೆರಿಕದಲ್ಲಿ ಸರಿಯಾದ ಲಸಿಕೆಯೇ ಬಂದ ಮೇಲೂ, 1947ರಲ್ಲಿ ವೈರಸ್ ರೂಪ ಬದಲಿಸಿ ಅದನ್ನು ಸೋಲಿಸಿತು. ಪ್ರತಿ ವರ್ಷ ಹೊಸ ಲಸಿಕೆ ಬೇಕೆಂಬ ತಿಳಿವಳಿಕೆ ಬಂದದ್ದು ಆ ಸೋಲಿನಿಂದ.

ಹಾಫ್ಕಿನ್ನರು ಮದುವೆಯಾಗಲಿಲ್ಲ. ಕೊನೆಗಾಲದಲ್ಲಿ ತಮ್ಮ ಮತದ ಆಚಾರಗಳಲ್ಲಿ ಹೆಚ್ಚು ಶ್ರದ್ಧೆಯಿಂದ ನಡೆದುಕೊಂಡು, ಕೂಡಿಟ್ಟ ಹಣವನ್ನು ಪೂರ್ವ ಯೂರೋಪಿನ ಯೆಹೂದಿ ಪಾಠಶಾಲೆಗಳಿಗೆಂದು ನಿಧಿಯಾಗಿ ಬಿಟ್ಟರು. 1925ರಲ್ಲಿ ಮುಂಬಯಿ ಸರಕಾರವು ಪರೇಲಿನ ಸಂಶೋಧನಾಲಯಕ್ಕೆ ಹಾಫ್ಕಿನ್ ಸಂಸ್ಥೆಯೆಂದು ಹೆಸರಿಟ್ಟಿತು. ಅಷ್ಟು ಹೊತ್ತಿಗೆ ಅಲ್ಲಿಂದ ಹೊರಬಿದ್ದ ಪ್ಲೇಗಿನ ಲಸಿಕೆ ಎರಡು ಕೋಟಿ ಜನರ ಪ್ರಮಾಣವನ್ನು ಮೀರಿತ್ತು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೋಸಾನ್ ಪಟ್ಟಣದಲ್ಲಿ ಅವರು ತೀರಿಕೊಂಡರು.

2021ರ ಜೂನ್ ತಿಂಗಳಲ್ಲಿ ಮಾದಾಪುರದ ಹೈಟೆಕ್ಸ್ ಮೈದಾನದಲ್ಲಿ ಒಂದೇ ದಿನ ಹತ್ತಾರು ಸಾವಿರ ಜನರಿಗೆ ಕೊರೋನಾ ಲಸಿಕೆ ಹಾಕಿದರು. ನಮ್ಮ ಹೋಟೆಲಿನ ಹನ್ನೊಂದು ಮಂದಿಯನ್ನೂ ಆ ದಿನ ಅಂಗಡಿ ಮುಚ್ಚಿ ನಾವೇ ಕರೆದುಕೊಂಡು ಹೋದೆವು. ಸರದಿಯಲ್ಲಿ ಮೊದಲು ನಿಂತವರು ನಾವು.